ಆಫೀಸಲ್ಲಿ ಮಾತಾಡೋದು ಕಲಿಸೋ ಟ್ರೇನಿಂಗ್: ಸ್ಲೈಡು ಮರ್ತೋಗುತ್ತೆ, ರೋಲ್ ಪ್ಲೇ ಉಳಿಯುತ್ತೆ

ಪೂರ್ತಿ ಓದೋಕೆ ಟೈಮಿಲ್ಲದವ್ರಿಗೆ ಮೊದ್ಲೇ ಹೇಳ್ಬಿಡ್ತೀನಿ, ಈ ಟ್ರೇನಿಂಗ್‌ಗೆ ಐದಕ್ಕೆ ಮೂರೂವರೆ ಕೊಡ್ತೀನಿ, ಅದ್ರಲ್ಲಿ ಮೂರು ಮಾರ್ಕು ಊಟ ಆದ್ಮೇಲಿನ ಪ್ರಾಕ್ಟೀಸ್ ಸೆಷನ್‌ಗೇ ಹೋಗುತ್ತೆ. ಬೆಳಿಗ್ಗೆ ತೋರಿಸಿದ ಸ್ಲೈಡುಗಳಿಗೆ ಅರ್ಧ ಮಾರ್ಕು, ಅದೂ ಮಧ್ಯದಲ್ಲಿ ಆಡ್ಸಿದ ಒಂದು ಆಟದ ಪುಣ್ಯದಿಂದ. ಎಚ್‌ಆರ್‌ನವ್ರು ಇಡೀ ಟೀಮ್ ಹೆಸರು ಬರೆದು ಕಳಿಸಿದ್ದು, ಕೋರ್ಸಿನ ಹೆಸ್ರು 'ಇಂಟರ್‌ಪರ್ಸನಲ್ ಕಮ್ಯುನಿಕೇಶನ್' ಅಂತ ದೊಡ್ಡದಾಗಿದೆ, ವಿಷ್ಯ ಇಷ್ಟೇ, ಜೊತೇಲಿ ಕೆಲ್ಸ ಮಾಡೋರ ಮಾತು ಹೆಂಗೆ ಕೇಳಿಸ್ಕೋಬೇಕು, ಬೇಜಾರಿನ ವಿಷ್ಯ ಹೆಂಗೆ ಹೇಳ್ಬೇಕು, ಒಪ್ಪಿಗೆ ಇಲ್ದಿದ್ರೆ ಜಗಳ ಆಗ್ದೆ ಹೆಂಗೆ ತಿಳಿಸ್ಬೇಕು. ಸಂಸ್ಥೆ ಹೆಸ್ರು ಬರೀತಿಲ್ಲ. ಯಾಕಂದ್ರೆ ಇದೇ ಥರದ ಪ್ಯಾಕೇಜು ಎಲ್ಲಾ ಕಡೆ ಸಿಗುತ್ತೆ, ಸ್ಲೈಡ್ ಮೂಲೇಲಿರೋ ಲೋಗೋ ಬದ್ಲಾಗಿರುತ್ತೆ ಅಷ್ಟೇ, ಹಂಗಾಗಿ ನೀವು ಯಾರ ಹತ್ರ ಹೋದ್ರೂ ಈ ರಿವ್ಯೂ ಸ್ವಲ್ಪ ಉಪ್ಯೋಗಕ್ಕೆ ಬರ್ಬೋದು ಅನ್ನೋ ಧೈರ್ಯದಲ್ಲಿ ಬರೀತಿದೀನಿ.

ಕ್ಲಾಸಿಗೆ ಮುಂಚೆ ಒಂದು ಆನ್‌ಲೈನ್ ಮಾಡ್ಯೂಲ್ ಮುಗಿಸ್ಕೊಂಡು ಬರ್ಬೇಕಿತ್ತು. ವಿಡಿಯೋ ನೋಡು, ನೆಕ್ಸ್ಟ್ ಒತ್ತು, ಪ್ರಶ್ನೆಗೆ ಉತ್ರ ಕೊಡು. ಪ್ರಶ್ನೆಗಳ ಮಟ್ಟ ಹೇಳ್ತೀನಿ ಕೇಳಿ: ನಿಮ್ಮ ಸಹೋದ್ಯೋಗಿ ಬೇಜಾರಲ್ಲಿದ್ದಾರೆ, ನೀವೇನ್ ಮಾಡ್ತೀರಾ? ಮೊದಲ್ನೇ ಆಯ್ಕೆ, ನನಗೆ ಸಂಬಂಧ ಇಲ್ಲ ಅಂತ ಎದ್ದು ಹೋಗ್ತೀನಿ. ಎರಡ್ನೇದು, ಎಲ್ರ ಮುಂದೆ ಕಾರಣ ಕೇಳ್ತೀನಿ. ಮೂರ್ನೇದು, ಗಮನ ಕೊಟ್ಟು ಮಾತು ಕೇಳಿಸ್ಕೋತೀನಿ. ಇದಕ್ಕೆ ತಪ್ಪು ಉತ್ರ ಕೊಡೋರು ಭೂಮಿ ಮೇಲೆ ಯಾರಾದ್ರೂ ಇದ್ದಾರಾ? ಆಫೀಸಲ್ಲಿ ಎದ್ದು ಹೋಗೋರೂ ಇಲ್ಲಿ ಮೂರ್ನೇದಕ್ಕೇ ಟಿಕ್ ಹಾಕ್ತಾರೆ. ಸಮಸ್ಯೆ ಇರೋದೇ ಅಲ್ಲಿ, ಸರಿಯಾದ ಉತ್ರ ಎಲ್ರಿಗೂ ಗೊತ್ತು, ಆ ಹೊತ್ತಿಗೆ ಬಾಯಿಗೆ ಬರಲ್ಲ. ವಿಡಿಯೋನ ಡಬಲ್ ಸ್ಪೀಡಲ್ಲಿ ಓಡ್ಸಿ ಮುಗಿಸೋದು ಬಿಟ್ರೆ ಆ ಮಾಡ್ಯೂಲಿಂದ ಬೇರೇನೂ ಕಲೀಲಿಲ್ಲ, ಸೊನ್ನೆ.

ಇನ್ನು ಕ್ಲಾಸು. ಬೆಳಗಿನ ಹೊತ್ತು ಪೂರ್ತಿ ಸ್ಲೈಡು. ಅದ್ರಲ್ಲಿ ಒಂದಂತೂ ಇಂಥ ಯಾವ ಟ್ರೇನಿಂಗೂ ಬಿಡದ ಸ್ಲೈಡು, ನೀವೂ ಎಲ್ಲೋ ನೋಡೇ ಇರ್ತೀರ: ಮಾತಿನ ಪರಿಣಾಮದಲ್ಲಿ ಪದಗಳದ್ದು ಬರೀ 7%, ದನಿಯದ್ದು 38%, ಮುಖಭಾವ ಮೈಭಾಷೆ ಎಲ್ಲ ಸೇರಿ 55%. ಕೇಳೋಕೆ ಚೆನ್ನಾಗಿದೆ, ಪೈ ಚಾರ್ಟ್ ಹಾಕೋಕೆ ಇನ್ನೂ ಚೆನ್ನಾಗಿದೆ. ಆದ್ರೆ ಈ ಲೆಕ್ಕ ಬಂದಿದ್ದು ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ, ಅಲ್ಲಿ ಕೇಳಿಸಿದ್ದು ಬಿಡಿ ಬಿಡಿ ಪದಗಳನ್ನ, ನೋಡಿದ್ದು ಒಬ್ರ ಬಗ್ಗೆ ಇಷ್ಟ ಇದೆಯಾ ಇಲ್ವಾ ಅನ್ನೋ ಭಾವನೆಯನ್ನ. ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದ್ರೆ ಜನ ಯಾವುದನ್ನ ನಂಬ್ತಾರೆ ಅನ್ನೋ ವಿಷ್ಯ ಅದು. ಎಲ್ಲಾ ಮಾತಿಗೂ ಇದನ್ನ ಅನ್ವಯಿಸ್ಬೇಡಿ ಅಂತ ಆಯಪ್ಪನೇ ಆಮೇಲೆ ಹೇಳಿದಾರೆ. ಸುಮ್ನೆ ಯೋಚ್ನೆ ಮಾಡಿ, ಪದಗಳ ಪಾಲು ಬರೀ 7% ಆಗಿದ್ರೆ ಗೊತ್ತಿಲ್ಲದ ಭಾಷೇಲಿ ನಡೆಯೋ ಮೀಟಿಂಗೂ ನಮಗೆ ಮುಕ್ಕಾಲು ಅರ್ಥ ಆಗ್ಬೇಕಿತ್ತಲ್ವಾ? ನಾನು ಕೈ ಎತ್ತಿ ಇದನ್ನೇ ಕೇಳ್ದೆ, ಟ್ರೇನರ್ ನಕ್ಕು ಒಳ್ಳೇ ಪ್ರಶ್ನೆ ಅಂದ್ರು, ಅಂದು ನೆಕ್ಸ್ಟ್ ಸ್ಲೈಡಿಗೆ ಹೋದ್ರು. ಪ್ರಶ್ನೆ ಬಂದಾಗ ಕೇಳಿಸ್ಕೊಳ್ಳೋದು ಹೆಂಗೆ ಅನ್ನೋ ಪಾಠ ಅದೇ ಸ್ಲೈಡ್ ಆದ್ಮೇಲೆ ಇತ್ತು, ಅದು ಬೇರೆ ಮಾತು.

ಆಮೇಲೆ ನಮ್ಮ ಸ್ವಭಾವಕ್ಕೆ ಒಂದೊಂದು ಬಣ್ಣ ಕೊಡೋ ಟೆಸ್ಟು. ಪ್ರಶ್ನೆಗಳಿಗೆ ಉತ್ರ ಬರೀರಿ, ನೀವು ಕೆಂಪಾ ಹಳದೀನಾ ಹಸಿರಾ ನೀಲೀನಾ ನೋಡೋಣ. ಈ ನಾಲ್ಕು ಭಾಗದ ಯೋಚ್ನೆಗೆ ಬೇರು ವಿಲಿಯಂ ಮಾರ್ಸ್ಟನ್ ಅನ್ನೋರು 1928ರಲ್ಲಿ ಬರೆದದ್ದರಲ್ಲಿದೆ, ಟೆಸ್ಟ್ ಮಾಡಿ ಮಾರಿದ್ದು ಆಮೇಲೆ ಬಂದೋರು. ಟೈಮ್ ಪಾಸಿಗೆ ಚೆನ್ನಾಗಿದೆ, ಎಲ್ರೂ ಖುಷಿಯಾಗಿ ತಮ್ಮ ಬಣ್ಣ ಹೇಳ್ಕೊಂಡು ಓಡಾಡಿದ್ರು. ಆದ್ರೆ ಇದ್ರಿಂದಾಗಿದ್ದು ಏನು ಅಂದ್ರೆ, ಎದುರಿಗಿದ್ದೋರ ಮಾತಿಗೆ ಮಧ್ಯ ಬಾಯಿ ಹಾಕೋ ನಮ್ಮ ಸೀನಿಯರ್ ಒಬ್ರಿಗೆ 'ನಾನು ರೆಡ್ ಕಣ್ರೀ, ಹಂಗೇ ಇರೋದು' ಅನ್ನೋಕೆ ಒಂದು ಸರ್ಟಿಫಿಕೇಟ್ ಸಿಕ್ತು. ಮಾತಾಡೋ ರೀತಿ ಬದ್ಲಾಯ್ಸೋಕೆ ಕರೆದು, ಇದು ನಿಮ್ಮ ಹುಟ್ಟುಗುಣ ಅಂತ ಹೇಳಿ ಕಳ್ಸೋದು ಯಾವ ನ್ಯಾಯ.

ಬೆಳಗ್ಗೆಯದ್ದರಲ್ಲಿ ಆ ಅರ್ಧ ಮಾರ್ಕು ಸಿಕ್ಕಿದ್ದು ಟೇಬಲ್ ಕುಟ್ಟೋ ಆಟಕ್ಕೆ. ಇಬ್ಬಿಬ್ರು ಜೋಡಿ, ಒಬ್ರು ಎಲ್ರಿಗೂ ಗೊತ್ತಿರೋ ಹಾಡೊಂದನ್ನ ಮನಸಲ್ಲೇ ಹಾಡ್ಕೊಂಡು ಅದರ ತಾಳ ಮಾತ್ರ ಬೆರಳಲ್ಲಿ ಟೇಬಲ್ ಮೇಲೆ ಕುಟ್ಬೇಕು, ಇನ್ನೊಬ್ರು ಯಾವ ಹಾಡು ಅಂತ ಹೇಳ್ಬೇಕು. ಕುಟ್ಟೋಕೆ ಮುಂಚೆ ಎದುರಿನವ್ರು ಕಂಡುಹಿಡೀತಾರಾ ಅಂತ ಕೇಳಿದ್ರೆ ಎಲ್ರೂ ಖಂಡಿತ ಅಂದ್ರು. ಕುಟ್ಟಿದ್ಮೇಲೆ ಇಡೀ ರೂಮಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ನನ್ನ ಜೋಡಿಯಂತೂ ಇಷ್ಟು ಸುಲಭದ ಹಾಡು ಗೊತ್ತಾಗ್ಲಿಲ್ವಾ ಅಂತ ನನ್ನನ್ನೇ ವಿಚಿತ್ರವಾಗಿ ನೋಡಿದ್ಲು, ನನಗೆ ಕೇಳಿದ್ದು ಟಕ್ ಟಕ್ ಟಕಟಕ ಅಷ್ಟೇ. ಇದು 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋರು ಮಾಡಿದ ಪ್ರಯೋಗ, 120 ಸಲ ಹಾಡು ಕುಟ್ಟಿದ್ರಲ್ಲಿ ಕೇಳ್ದೋರು ಸರಿಯಾಗಿ ಹೇಳಿದ್ದು ಬರೀ 3, ಕುಟ್ಟಿದೋರ ಅಂದಾಜು ಮಾತ್ರ ಅರ್ಧಕ್ಕರ್ಧ ಗೊತ್ತಾಗುತ್ತೆ ಅಂತ. ಕುಟ್ಟೋರ ತಲೇಲಿ ಪೂರ್ತಿ ಹಾಡು ಓಡ್ತಿರುತ್ತೆ, ಕೇಳೋರಿಗೆ ಬರೀ ಸದ್ದು. 'ಅದೇ ಆ ಫೈಲು, ನಿನ್ನೆ ಹೇಳಿದ್ನಲ್ಲ, ಹಂಗೇ ಮಾಡ್ಬಿಡಿ' ಅಂತ ಮೆಸೇಜ್ ಹಾಕಿ, ಆಮೇಲೆ ಸರಿಯಾಗಿ ಮಾಡ್ಲಿಲ್ಲ ಅಂತ ಕೂಗಾಡೋ ಪ್ರತಿಯೊಬ್ರಿಗೂ ಈ ಆಟ ಆಡಿಸ್ಬೇಕು. ಇಲ್ಲಿ ಟ್ರೇನರ್ ಭಾಷಣ ಮಾಡ್ಲಿಲ್ಲ, ಆಟ ಮುಗಿಸಿ ಒಂದೇ ಪ್ರಶ್ನೆ ಕೇಳಿದ್ರು, 'ಈ ವಾರ ನೀವು ಯಾರಿಗೆ ಬರೀ ತಾಳ ಕಳಿಸಿದ್ರಿ?' ಎಲ್ರೂ ಸೈಲೆಂಟು.

ಜೊಹಾರಿ ವಿಂಡೋ ಅಂತ ಒಂದು ನಾಲ್ಕು ಚೌಕದ ಚಿತ್ರಾನೂ ಬಂತು, 1955ರಲ್ಲಿ ಜೋಸೆಫ್ ಲಫ್ಟ್, ಹ್ಯಾರಿಂಗ್ಟನ್ ಇಂಗಮ್ ಇಬ್ರೂ ಸೇರಿ ಮಾಡಿದ್ದು, ಅವ್ರ ಹೆಸ್ರು ಕೂಡ್ಸೇ ಆ ಹೆಸ್ರು. ನಮಗೆ ಕಾಣದೆ ಬೇರೆಯವ್ರಿಗೆ ಮಾತ್ರ ಕಾಣೋ ನಮ್ಮ ಗುಣಗಳಿಗೆ ಅಂತ ಅದ್ರಲ್ಲಿ ಒಂದು ಚೌಕ ಇದೆ. ಒಳ್ಳೇ ವಿಷ್ಯಾನೇ, ಆದ್ರೆ ಬರೀ ಚಿತ್ರ ತೋರ್ಸಿ ಬಿಟ್ರು, ಯಾರ ಹತ್ರಾನೂ ಆ ಚೌಕ ತುಂಬಿಸ್ಲಿಲ್ಲ.

ಊಟ ಆದ್ಮೇಲೆ ಬೇರೆಯವ್ರು ಬಂದ್ರು, ಇವ್ರ ಹತ್ರ ಲ್ಯಾಪ್‌ಟಾಪೇ ಇರ್ಲಿಲ್ಲ. ಕುರ್ಚಿ ಎಲ್ಲ ಮೂರು ಮೂರು ಎದುರುಬದುರು ಹಾಕ್ಸಿದ್ರು. ಒಬ್ರು ಮಾತಾಡೋದು, ಒಬ್ರು ಕೇಳಿಸ್ಕೊಳ್ಳೋದು, ಮೂರ್ನೇಯವ್ರು ಬಾಯಿ ಮುಚ್ಕೊಂಡು ಬರೀ ನೋಟ್ ಮಾಡ್ಕೊಳ್ಳೋದು. ಮಾತಾಡೋರು ಕೆಲ್ಸದಲ್ಲಿ ನಿಜವಾಗ್ಲೂ ತಲೆ ತಿಂತಿರೋ ವಿಷ್ಯ ಒಂದು ಹೇಳ್ಬೇಕು, ಕಟ್ಟುಕತೆ ಬೇಡ. ಕೇಳಿಸ್ಕೊಳ್ಳೋರಿಗೆ ಒಂದೇ ರೂಲು, ಸಲಹೆ ಕೊಡಂಗಿಲ್ಲ, ನನಗೂ ಹಂಗೇ ಆಗಿತ್ತು ಅಂತ ಶುರು ಮಾಡಂಗಿಲ್ಲ, ಕೇಳಿದ್ದನ್ನ ನಿಮ್ಮ ಮಾತಲ್ಲಿ ವಾಪಸ್ ಹೇಳಿ ಸರೀನಾ ಅಂತ ಕೇಳ್ಬೇಕು. ಹೇಳ್ದೋರು ಹೌದು ಅನ್ನೋ ತನ್ಕ ಮುಂದಕ್ಕೆ ಹೋಗಂಗಿಲ್ಲ. ಕಾರ್ಲ್ ರೋಜರ್ಸ್, ರಿಚರ್ಡ್ ಫಾರ್ಸನ್ 1957ರಲ್ಲಿ ಆಕ್ಟಿವ್ ಲಿಸನಿಂಗ್ ಅಂತ ಹೆಸರಿಟ್ಟಿದ್ದು ಇದಕ್ಕೇ. ಕೇಳೋಕೆ ಮಕ್ಕಳಾಟ ಅನ್ಸುತ್ತೆ. ನಮ್ಮ ಗುಂಪಲ್ಲಿ ಒಬ್ಳು, ತನ್ನ ಶಿಫ್ಟ್ ಪದೇ ಪದೇ ಬದ್ಲಾಯಿಸ್ತಾರೆ ಅಂತ ಹೇಳಿದ್ಲು. ಕೇಳ್ತಿದ್ದೋರು 'ಅಂದ್ರೆ ನಿಮಗೆ ಆ ಶಿಫ್ಟ್ ಇಷ್ಟ ಇಲ್ಲ' ಅಂದ್ರು. ಅವ್ಳು, 'ಅಲ್ಲ'. 'ರಾತ್ರಿ ಶಿಫ್ಟ್ ಕಷ್ಟ ಆಗುತ್ತೆ.' 'ಅದೂ ಅಲ್ಲ.' ಮೂರ್ನೇ ಸಲಕ್ಕೆ ಇವ್ರು ಸುಸ್ತಾಗಿ 'ಹಂಗಾದ್ರೆ ಏನು ಅಂತ ನೀವೇ ಹೇಳಿ' ಅಂದ್ರು, ಆವಾಗ ಬಂತು, 'ಯಾವ ಶಿಫ್ಟ್ ಹಾಕಿದ್ರೂ ಮಾಡ್ತೀನಿ, ಬದ್ಲಾಯಿಸಿದಾರೆ ಅಂತ ನನಗೆ ಯಾರೂ ಹೇಳಲ್ಲ, ಲಿಸ್ಟ್ ನೋಡಿ ತಿಳ್ಕೋಬೇಕು, ಅದು ನನಗೆ ಅವಮಾನ'. ಈ ದೂರನ್ನೇ ಅವ್ಳು ಎಷ್ಟೋ ಸಲ ಹೇಳಿದ್ದು ನಾವೂ ಕೇಳಿದ್ವಿ, ಎಲ್ರೂ ಶಿಫ್ಟ್ ಬಗ್ಗೆ ಪರಿಹಾರ ಕೊಟ್ಟಿದ್ವಿ, ಲಿಸ್ಟ್ ಬಗ್ಗೆ ಯಾರೂ ಕೇಳಿರ್ಲಿಲ್ಲ.

ನಂತರ ಫೀಡ್‌ಬ್ಯಾಕ್ ಕೊಡೋ ಅಭ್ಯಾಸ, ಇಡೀ ಕೋರ್ಸಲ್ಲಿ ಅತಿ ಒಳ್ಳೇ ಭಾಗ ಇದೇ. ಎಸ್‌ಬಿಐ (ಸಿಚುಯೇಶನ್, ಬಿಹೇವಿಯರ್, ಇಂಪ್ಯಾಕ್ಟ್) ಅಂತ ಒಂದು ಪದ್ಧತಿ, ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಅನ್ನೋ ಸಂಸ್ಥೆ ಬಳಕೆಗೆ ತಂದಿದ್ದು: ಯಾವ ಸಂದರ್ಭ, ಆವಾಗ ಅವ್ರು ಏನ್ ಮಾಡಿದ್ರು, ಅದ್ರಿಂದ ಏನಾಯ್ತು. ಇಷ್ಟೇ. ಗುಣದ ಬಗ್ಗೆ ತೀರ್ಪು ಕೊಡಂಗಿಲ್ಲ. ಒಬ್ರನ್ನ ಕರೆದು, ರಿಪೋರ್ಟ್ ತಡವಾಗಿ ಕಳಿಸೋ ಜೊತೆಗಾರನ ಹತ್ರ ಮಾತಾಡಿ ಅಂದ್ರು. ಆತ ಶುರು ಮಾಡಿದ್ದೇ, 'ನೋಡಪ್ಪಾ, ನೀನು ಯಾವಾಗ್ಲೂ ಲೇಟು, ಸ್ವಲ್ಪ ಜವಾಬ್ದಾರಿ ಇರ್ಬೇಕು'. ಟ್ರೇನರ್ 'ನಿಲ್ಸಿ' ಅಂದ್ರು. ಎದುರಿಗೆ ಕೂತಿದ್ದೋನನ್ನ ಕೇಳಿದ್ರು, ಈಗ ನಿನ್ನ ತಲೇಲಿ ಏನ್ ಓಡ್ತಿದೆ? ಅವ್ನು, 'ಯಾವಾಗ್ಲೂ ಅಂದ್ರಲ್ಲ, ನಾನು ಟೈಮಿಗೆ ಕೊಟ್ಟ ದಿನಗಳನ್ನ ಲೆಕ್ಕ ಹಾಕ್ತಿದೀನಿ' ಅಂದ. ರೂಮೆಲ್ಲ ನಗು. ಅಲ್ಲಿಂದ ರಿವೈಂಡ್. ಎರಡ್ನೇ ಸಲ ಆತ ವಿಪರೀತ ಮೆತ್ತಗೆ ಹೋದ, ನಿನ್ನ ಕೆಲ್ಸ ತುಂಬ ಚೆನ್ನಾಗಿರುತ್ತೆ, ಸ್ವಲ್ಪ ಬೇಗ ಬಂದ್ರೆ ಇನ್ನೂ ಚೆನ್ನಾಗಿರುತ್ತೆ, ಒಟ್ನಲ್ಲಿ ಸೂಪರ್ ಅಂತ. ಮತ್ತೆ ನಿಲ್ಸಿ, ಎದುರಿನವ್ನಿಗೆ ಏನ್ ಅರ್ಥ ಆಯ್ತು ಅಂತ ಕೇಳಿದ್ರೆ, 'ಸೂಪರ್ ಅಂತ'. ಮೂರ್ನೇ ಸಲ ಬಂತು ನೋಡಿ: 'ಸೋಮವಾರ ಸಂಜೆಗೆ ಬರ್ಬೇಕಿದ್ದ ರಿಪೋರ್ಟು ಮಂಗಳವಾರ ಹತ್ತು ಗಂಟೆಗೆ ಬಂತು. ಒಂಬತ್ತೂವರೆಗೆ ಕ್ಲೈಂಟ್ ಜೊತೆ ಕಾಲ್ ಇತ್ತು, ನಂಬರ್ ಕೇಳಿದ್ರು, ನನ್ನ ಹತ್ರ ಹೇಳೋಕೆ ಏನೂ ಇರ್ಲಿಲ್ಲ. ಏನಾಯ್ತು ಅಂತ ಹೇಳ್ತೀಯಾ?' ಕೊನೇ ಪ್ರಶ್ನೆ ಟ್ರೇನರ್ ಸೇರ್ಸಿದ್ದು. ಹೇಳೋದು ಹೇಳಿ ಎದ್ದು ಹೋದ್ರೆ ಅದು ನೋಟೀಸ್ ಆಗುತ್ತೆ, ಮಾತಾಗಲ್ಲ ಅಂದ್ರು. ಆಗ ಎದುರಿನವ್ನು ಪಾತ್ರ ಬಿಟ್ಟು ನಿಜವಾಗ್ಲೂ ಹೇಳ್ದ, ಡೇಟಾ ಕೊಡ್ಬೇಕಾದ ಟೀಮು ಸಂಜೆ ಏಳಕ್ಕೆ ಕೊಡುತ್ತೆ, ಸಂಜೆಗೇ ರಿಪೋರ್ಟ್ ಹೆಂಗೆ ಕೊಡ್ಲಿ ಅಂತ. ನಾಟ್ಕ ಮಾಡ್ತಾ ಮಾಡ್ತಾ ಒಂದು ನಿಜವಾದ ತೊಡಕೇ ಹೊರಗೆ ಬಂತು. ಇಲ್ಲಿ ಇನ್ನೊಂದು ಒಳ್ಳೇ ಕೆಲ್ಸ ಮಾಡಿದ್ರು, ಎಲ್ರೂ ದಿನಾ ಆಫೀಸಲ್ಲಿ ಯಾವ ಭಾಷೇಲಿ ಹೆಂಗೆ ಮಾತಾಡ್ತೀರೋ ಹಂಗೇ ಮಾಡಿ ಅಂದ್ರು. ಪುಸ್ತಕದ ವಾಕ್ಯದಲ್ಲಿ ರೋಲ್ ಪ್ಲೇ ಮಾಡಿದ್ರೆ ಅದು ಸ್ಟೇಜ್ ಮೇಲೇ ಉಳ್ಕೊಳ್ಳುತ್ತೆ, ಡೆಸ್ಕಿಗೆ ಬರಲ್ಲ.

ರೋಲ್ ಪ್ಲೇ ಅಂದ್ರೆ ಮುಜುಗರ ಅನ್ನೋರಿಗೆ ಒಂದು ಮಾತು. ಮುಜುಗರ ಇದ್ದೇ ಇರುತ್ತೆ. ಆದ್ರೆ ಇಡೀ ಕ್ಲಾಸಿನ ಮುಂದೆ ಒಬ್ರನ್ನೇ ನಿಲ್ಲಿಸೋದು ಆ ಒಂದು ಡೆಮೋಗೆ ಮಾತ್ರ, ಮಿಕ್ಕಿದ್ದೆಲ್ಲ ಮೂರು ಜನರ ಗುಂಪಲ್ಲೇ ನಡೀತು, ಎಲ್ಲಾ ಗುಂಪೂ ಒಟ್ಟಿಗೆ ಮಾತಾಡ್ತಿರೋದ್ರಿಂದ ಯಾರನ್ನ ಯಾರೂ ನೋಡ್ತಿರ್ಲಿಲ್ಲ. ಯಾವಾಗ್ಲೂ ಬಾಯಿ ಬಿಡದ ಹುಡುಗರೂ ಮಾತಾಡಿದ್ರು.

ಕೊನೇ ಸೆಷನ್, ಮೇಲಿನವ್ರಿಗೆ ಇದು ತಪ್ಪಾಗ್ತಿದೆ ಅಂತ ಹೇಳೋದು ಹೆಂಗೆ. ಇದಕ್ಕೆ ವಿಮಾನದ ಉದಾಹರಣೆ ತಗೊಂಡ್ರು, ನನಗೆ ಮೈ ಜುಮ್ಮಂತು. 1977ರಲ್ಲಿ ಟೆನೆರೀಫ್ ದ್ವೀಪದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿ ಹೊಡೆದು 583 ಜನ ಸತ್ರು. ಮಂಜು ಕವಿದಿತ್ತು, ರೇಡಿಯೋ ಮಾತು ಒಂದರ ಮೇಲೊಂದು ಬಿದ್ದು ಅರ್ಧಂಬರ್ಧ ಕೇಳಿಸ್ತು, ಹಿಂಗೆ ಕಾರಣ ಹಲವಾರು. ಆದ್ರೆ ಟೇಕಾಫ್‌ಗೆ ಓಡ್ತಿದ್ದ ವಿಮಾನದ ಒಳಗೆ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂದು, ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ವಾ ಅನ್ನೋ ಥರ ಕೇಳಿದ್ರು. ಕ್ಯಾಪ್ಟನ್ ಬಿಟ್ಟಿದೆ ಅಂತ ಖಡಾಖಂಡಿತವಾಗಿ ಹೇಳಿದ್ರು. ಅಲ್ಲಿಗೆ ಮಾತು ಮುಗೀತು. ಇದೊಂದೇ ಅಲ್ಲ, ಇಂಥ ಅಪಘಾತಗಳನ್ನ ನೋಡಿ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸ್ತು, ಅಲ್ಲಿಂದ ಬೆಳೆದಿದ್ದೇ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ತರಬೇತಿ, ಈಗ ಪೈಲಟ್‌ಗಳಿಗೆ ಅದು ಮಾಮೂಲಿ ಪಾಠ. ಕಿರಿಯರಿಗೆ ಗಟ್ಟಿಯಾಗಿ ಹೇಳೋದು ಕಲಿಸ್ತಾರೆ, ಅಷ್ಟೇ ಮುಖ್ಯವಾಗಿ ಕ್ಯಾಪ್ಟನ್‌ಗೆ ಕೇಳಿಸ್ಕೊಳ್ಳೋದು ಕಲಿಸ್ತಾರೆ. ನಮ್ಮ ಹತ್ರ ಮಾಡ್ಸಿದ ಅಭ್ಯಾಸ, ಸುಳಿವು ಕೊಡೋ ವಾಕ್ಯನ ನೇರ ಮಾಡೋದು. 'ಸರ್, ಡೇಟ್ ಸ್ವಲ್ಪ ಟೈಟ್ ಅನ್ಸುತ್ತೆ ಅಲ್ವಾ' ಅನ್ನೋದನ್ನ 'ಸರ್, ಈ ಡೇಟಿಗೆ ಟೆಸ್ಟಿಂಗ್ ಮುಗಿಯಲ್ಲ ಅಂತ ನನಗೆ ಚಿಂತೆ ಇದೆ, ಒಂದು ಫೀಚರ್ ತೆಗೀಬೇಕು, ಇಲ್ಲಾ ಡೇಟ್ ಮುಂದೂಡ್ಬೇಕು, ಯಾವುದು ಮಾಡೋಣ' ಅಂತ. ಮೊದಲ್ನೇದಕ್ಕೆ ಮೇಲಿನವ್ರು ಹ್ಞೂ ನೋಡೋಣ ಅಂತ ದಾಟಿಸ್ಬೋದು, ಎರಡ್ನೇದಕ್ಕೆ ಏನಾದ್ರೂ ಒಂದು ಉತ್ರ ಕೊಡ್ಲೇಬೇಕು.

ಇಲ್ಲೇ ನನ್ನ ದೊಡ್ಡ ದೂರು ಶುರುವಾಗೋದು. ಕ್ಯಾಪ್ಟನ್‌ಗಳೇ ಬಂದಿರ್ಲಿಲ್ಲ. ಮ್ಯಾನೇಜರ್‌ಗಳಿಗೆ ಬೇರೆ ಟ್ರೇನಿಂಗ್ ಇದೆಯಂತೆ, ಅವ್ರಿಗೆ ಲೀಡರ್‌ಶಿಪ್ಪು ನಮಗೆ ಕಮ್ಯುನಿಕೇಶನ್ನು. ಬೆಳಿಗ್ಗೆ ಉದ್ಘಾಟನೆಗೆ ಬಂದು ಎರಡು ಮಾತಾಡಿ, ಆಲ್ ದಿ ಬೆಸ್ಟ್ ಹೇಳಿ ಹೋದ್ರು. ಕಿರಿಯರಿಗೆ ಮಾತ್ರ ಧೈರ್ಯವಾಗಿ ಹೇಳಿ ಅಂತ ಕಲ್ಸಿ, ಕೇಳಿಸ್ಕೊಳ್ಳೋರಿಗೆ ಏನೂ ಕಲಿಸ್ದಿದ್ರೆ ಒಂದು ಕೈಯಲ್ಲಿ ಚಪ್ಪಾಳೆ ಹೊಡೆದಂಗೆ. ಹಾರ್ವರ್ಡ್‌ನ ಆಮಿ ಎಡ್ಮಂಡ್‌ಸನ್ 1999ರಲ್ಲಿ ಸೈಕಲಾಜಿಕಲ್ ಸೇಫ್ಟಿ ಬಗ್ಗೆ ಬರೆದಿದ್ದೂ ಹೆಚ್ಚುಕಮ್ಮಿ ಇದೇ, ತಪ್ಪು ಹೇಳಿದ್ರೆ ಸಂದೇಹ ಕೇಳಿದ್ರೆ ತನಗೆ ತೊಂದ್ರೆ ಆಗಲ್ಲ ಅನ್ನೋ ನಂಬಿಕೆ ಟೀಮಲ್ಲಿದ್ರೆ ಮಾತ್ರ ಜನ ಬಾಯಿ ಬಿಡೋದು, ಕಲಿಯೋದು. ಆ ನಂಬಿಕೆಯಲ್ಲಿ ಲೀಡರ್ ಪಾಲು ದೊಡ್ಡದು, ಕ್ಲಾಸಲ್ಲಿ ಕೂತ ಹತ್ತಿಪ್ಪತ್ತು ಜನ ಎಷ್ಟು ವಾಕ್ಯ ಬಾಯಿಪಾಠ ಮಾಡಿದ್ರೂ ಅದು ಬರಲ್ಲ. ಒಂದು ಮಾರ್ಕು ಇದಕ್ಕೇ ಕಟ್.

ಉಳಿದ ಅರ್ಧ ಕಟ್ ಆಗಿದ್ದು ಚಾಟು, ಮೇಲು, ವಿಡಿಯೋ ಕಾಲ್ ಬಗ್ಗೆ ಹೆಚ್ಚುಕಮ್ಮಿ ಏನೂ ಇರ್ಲಿಲ್ಲ ಅನ್ನೋದಕ್ಕೆ. ನಾವು ದಿನಕ್ಕೆ ಮುಖ ನೋಡಿ ಮಾತಾಡೋದೆಷ್ಟು, ಟೈಪ್ ಮಾಡೋದೆಷ್ಟು? ಬರೀ 'ಓಕೆ.' ಅಂತ ಫುಲ್‌ಸ್ಟಾಪ್ ಹಾಕಿ ಬಂದ ಮೆಸೇಜ್ ಓದಿ ಅರ್ಧ ದಿನ ಏನಾಯ್ತೋ ಅಂತ ತಲೆ ಕೆಡಿಸ್ಕೊಳ್ಳೋ ಕಾಲ ಇದು. ಕ್ಯಾಮೆರಾ ಆಫ್ ಮಾಡಿದ ಮೀಟಿಂಗಲ್ಲಿ ಯಾರ ಸರದಿ ಅಂತ ಗೊತ್ತಾಗ್ದೆ ಇಬ್ರೂ ಒಟ್ಟಿಗೆ ಶುರು ಮಾಡಿ ಇಬ್ರೂ ಒಟ್ಟಿಗೆ ನಿಲ್ಲಿಸೋದು, ಮಾತಲ್ಲಿ ಮುಗಿಸ್ಬೋದಾದ ಜಗಳನ ಹತ್ತು ಜನರನ್ನ ಸಿಸಿಗೆ ಹಾಕಿ ಮೇಲಲ್ಲಿ ಬೆಳೆಸೋದು, ಇವೆಲ್ಲಾ ಈಗಿನ ನಿಜವಾದ ಗೋಳು. ಹಾಸ್ಪಿಟಲ್‌ಗಳಲ್ಲಿ ರೋಗಿಯ ವಿಷ್ಯ ದಾಟಿಸೋಕೆ ಎಸ್‌ಬಿಎಆರ್ ಅಂತ ಒಂದು ಕ್ರಮ ಇದೆ, ಈಗ ಏನಾಗ್ತಿದೆ, ಹಿನ್ನೆಲೆ ಏನು, ನನಗೆ ಏನನ್ಸುತ್ತೆ, ಏನ್ ಮಾಡ್ಬೇಕು, ಈ ನಾಲ್ಕೇ ಸಾಲು, ಅದು ಮೊದ್ಲು ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ. ಆಫೀಸ್ ಮೇಲಿಗೆ ಹೇಳಿ ಮಾಡಿಸಿದಂಗಿದೆ. ಬಣ್ಣದ ಟೆಸ್ಟ್ ಕಿತ್ತಾಕಿ ಇದನ್ನ ಹಾಕಿದ್ರೆ ನಾನು ನಾಲ್ಕು ಕೊಡ್ತಿದ್ದೆ.

ಮುಗಿಯೋ ಹೊತ್ತಿಗೆ ಮಾಮೂಲಿ ಫೀಡ್‌ಬ್ಯಾಕ್ ಫಾರ್ಮು. ಟ್ರೇನರ್ ಹೆಂಗಿದ್ರು, ರೂಮು ಹೆಂಗಿತ್ತು, ಊಟ ಹೆಂಗಿತ್ತು, ಐದಕ್ಕೆ ಎಷ್ಟು. ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನಿಂತ್ಕೊಂಡೇ ಎಲ್ರೂ ಐದು ಐದು ಐದು ಅಂತ ಒತ್ತಿದ್ರು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನೋರು 1959ರಲ್ಲೇ ಟ್ರೇನಿಂಗ್ ಅಳೆಯೋಕೆ ನಾಲ್ಕು ಮೆಟ್ಟಿಲು ಹೇಳಿದ್ರು: ಬಂದೋರಿಗೆ ಇಷ್ಟ ಆಯ್ತಾ, ಏನಾದ್ರೂ ಕಲಿತ್ರಾ, ವಾಪಸ್ ಹೋಗಿ ನಡವಳಿಕೆ ಬದ್ಲಾಯ್ತಾ, ಅದ್ರಿಂದ ಕೆಲ್ಸಕ್ಕೆ ಲಾಭ ಆಯ್ತಾ. ಈ ಫಾರ್ಮು ಮೊದಲ್ನೇ ಮೆಟ್ಟಿಲಲ್ಲೇ ಕೂತಿದೆ, ಅಲ್ಲೂ ಊಟದ ಪ್ರಶ್ನೆ ಹತ್ರ. ಮೂರ್ನೇ ಮೆಟ್ಟಿಲು ನೋಡ್ಬೇಕಂದ್ರೆ ಕೆಲವು ವಾರ ಬಿಟ್ಟು ಬಂದು, ನಮ್ಮನ್ನಲ್ಲ, ನಮ್ಮ ಪಕ್ಕದ ಡೆಸ್ಕಿನವ್ರನ್ನ ಕೇಳ್ಬೇಕು, ಇವ್ರು ಈಗ ನಿಮ್ಮ ಮಾತು ಪೂರ್ತಿ ಕೇಳ್ತಾರಾ ಅಂತ. ಅದನ್ನ ಯಾರೂ ಮಾಡ್ಲಿಲ್ಲ.

ನನ್ನ ಕಣ್ಣಿಗೆ ಕಂಡಿದ್ದು ಹೇಳ್ತೀನಿ. ಬಣ್ಣದ ಬ್ಯಾಡ್ಜುಗಳು ಡ್ರಾಯರ್ ಸೇರಿದ್ವು. ಜೊಹಾರಿ ಅಂದ್ರೆ ಯಾರಿಗೂ ನೆನಪಿಲ್ಲ. ಆದ್ರೆ 'ವಾಪಸ್ ಹೇಳ್ತೀನಿ, ಸರೀನಾ ನೋಡಿ' ಅನ್ನೋದು ನಮ್ಮ ಟೀಮ್ ಕಾಲ್‌ಗಳಲ್ಲಿ ಉಳ್ಕೊಂಡಿದೆ, ಅದ್ರಿಂದ ಕಾಲ್ ಸ್ವಲ್ಪ ಉದ್ದ ಆದ್ರೂ ಆಮೇಲೆ ನಾನು ಹೇಳಿದ್ದು ಅದಲ್ಲ ಇದು ಅನ್ನೋ ರಾಮಾಯಣ ಕಮ್ಮಿ ಆಗಿದೆ. ಬರೀ ತಾಳ ಅನ್ನೋದು ನಮ್ಮಲ್ಲಿ ಕೋಡ್ ವರ್ಡ್ ಆಗ್ಬಿಟ್ಟಿದೆ, ಯಾರಾದ್ರೂ ಅರ್ಥ ಆಗ್ದಂಗೆ ಮೆಸೇಜ್ ಹಾಕಿದ್ರೆ ಕೆಳಗೆ ಇನ್ಯಾರೋ ಟಕ್ ಟಕ್ ಅಂತ ಟೈಪ್ ಮಾಡ್ತಾರೆ, ಬೈಗುಳಕ್ಕಿಂತ ಚೆನ್ನಾಗಿ ಕೆಲ್ಸ ಮಾಡುತ್ತೆ. ಶಿಫ್ಟ್ ಬದ್ಲಾದ್ರೆ ಈಗ ಫೋನ್ ಮಾಡಿ ಹೇಳ್ತಾರೆ. ಮೇಲಿನವ್ರಿಗೆ ನೇರವಾಗಿ ಹೇಳೋದು ಮಾತ್ರ, ಮೊದ್ಲು ಹೆಂಗಿತ್ತೋ ಹಂಗೇ ಇದೆ, ಡೇಟ್ ಸ್ವಲ್ಪ ಟೈಟು ಅಲ್ವಾ ಸರ್.

ನಿಮ್ಮ ಕಂಪನೀಲಿ ಇಂಥದ್ದು ಬುಕ್ ಮಾಡೋ ಕೆಲ್ಸ ನಿಮ್ಮದಾಗಿದ್ರೆ ಬ್ರೋಷರ್ ನೋಡ್ಬೇಡಿ, ಅದ್ರಲ್ಲಿ ಎಲ್ರೂ ನಗ್ತಾನೇ ಇರ್ತಾರೆ. ಫೋನ್ ಮಾಡಿ, ಒಟ್ಟು ಹೊತ್ತಲ್ಲಿ ಬಂದೋರು ಮಾತಾಡೋದೆಷ್ಟು ಟ್ರೇನರ್ ಮಾತಾಡೋದೆಷ್ಟು ಅಂತ ಕೇಳಿ, ಅರ್ಧಕ್ಕಿಂತ ಕಮ್ಮಿ ಅಂದ್ರೆ ಬಿಟ್ಬಿಡಿ. ನಮ್ಮ ಕೆಲ್ಸದ್ದೇ ಉದಾಹರಣೆ ಕೊಟ್ರೆ ಅದ್ರ ಮೇಲೇ ರೋಲ್ ಪ್ಲೇ ಮಾಡಿಸ್ತೀರಾ ಕೇಳಿ. ಒಬ್ಬ ಟ್ರೇನರ್‌ಗೆ ಎಷ್ಟು ಜನ ಅಂತ ಕೇಳಿ, ಆಡಿಟೋರಿಯಂ ಅಂದ್ರೆ ಅದು ಭಾಷಣ. ಮ್ಯಾನೇಜರ್‌ಗಳು ಪೂರ್ತಿ ಕೂರ್ತಾರಾ ಅನ್ನೋದನ್ನ ಮಾತ್ರ ಅವ್ರನ್ನಲ್ಲ, ನಿಮ್ಮವ್ರನ್ನೇ ಕೇಳ್ಬೇಕು. ಹೊಸದಾಗಿ ಕೆಲ್ಸಕ್ಕೆ ಸೇರಿದೋರಿಗೆ, ಮೊನ್ನೆ ಮೊನ್ನೆ ಟೀಮ್ ಲೀಡ್ ಆದೋರಿಗೆ ಧಾರಾಳವಾಗಿ ಹೇಳ್ತೀನಿ, ಹೋಗಿ. ಒಬ್ರಿಗೊಬ್ರು ಮುಖ ನೋಡದಷ್ಟು ಹಳಸಿರೋ ಟೀಮಿದ್ರೆ ಇದ್ರಿಂದ ಸರಿ ಹೋಗಲ್ಲ, ಅಲ್ಲಿ ಕೆಲ್ಸದ ಹಂಚಿಕೆ, ಸಂಬಳ, ಬಡ್ತಿ ಥರದ ಬೇರೆ ಗಂಟುಗಳಿರ್ತವೆ, ಅದಕ್ಕೆ ಲಿಸನಿಂಗ್ ಎಕ್ಸರ್‌ಸೈಜ್ ಮಾಡ್ಸಿದ್ರೆ ಜನಕ್ಕೆ ಇನ್ನೂ ಸಿಟ್ಟು ಬರುತ್ತೆ.

ರಿಫ್ರೆಶರ್ ಸೆಷನ್ ಇದೆ ಅಂತ ಈಗಷ್ಟೇ ಮೇಲ್ ಬಂದಿದೆ. ಊಟ ಆದ್ಮೇಲೆ ಬಂದಿದ್ದ ಟ್ರೇನರ್ರೇ ಬರ್ತಾರಾ ಅಂತ ಎಚ್‌ಆರ್‌ಗೆ ಕೇಳಿದೀನಿ, ಅವ್ರು ಬಂದ್ರೆ ಹೋಗ್ತೀನಿ, ಸ್ಲೈಡಿನವ್ರಾದ್ರೆ ರಜೆ ಹಾಕ್ತೀನಿ.